ಒಡ್ಡು ತಾನಾಗಿ ಒಡೆಯಲಿಲ್ಲ

ಸೋಮವಾರ, ಮಧ್ಯಾಹ್ನ

ಇತಿಹಾಸಕಾರರಾದ ಅಣ್ಣನವರಿಗೆ,

ಬಹುವಚನ ನೋಡಿ ಹಿಗ್ಗಬೇಡ. ಮುಖಪುಟದಲ್ಲಿ ಹಾಗೆ ಅಚ್ಚಾಗಿದೆ ಎಂದು ಬರೆದೆ. ಇಲ್ಲಿಂದ ಮುಂದೆ ನೀನು ನನಗೆ ನೀನೇ.

ನಿನ್ನ ಪುಸ್ತಕ ಓದಿ ಮುಗಿಸಿದೆ. ಬಿಡುಗಡೆಯ ದಿನ ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆಯನ್ನೂ ತಟ್ಟಿದೆ. ಪಕ್ಕದಲ್ಲಿದ್ದ ಅತ್ತಿಗೆ ನನ್ನ ಕೈಗಳನ್ನೇ ನೋಡುತ್ತಿದ್ದಳು. ಮುನ್ನೂರು ಪುಟ! ನಮ್ಮ ಊರಿಗೆ ಅಷ್ಟು ಚರಿತ್ರೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ತಿರುವಿ ನೋಡಿದರೆ ಅದರಲ್ಲಿ ಅರವತ್ತು ಪುಟ ಪಂಚಾಯಿತಿ ಅಧ್ಯಕ್ಷರ ಮನೆತನದ ಫೋಟೋಗಳೇ. ಅಜ್ಜ ಕುರ್ಚಿಯ ಮೇಲೆ, ಅಪ್ಪ ಕುರ್ಚಿಯ ಮೇಲೆ, ಈಗಿನ ಮಗರಾಯ ಅದೇ ಕುರ್ಚಿಯ ಮೇಲೆ. ನೀನು ಬರೆದದ್ದು ಊರಿನ ಚರಿತ್ರೆಯೋ, ಕುರ್ಚಿಯ ಚರಿತ್ರೆಯೋ?

ಮೊದಲ ಅಧ್ಯಾಯದಲ್ಲೇ "ಬರಡು ನೆಲದಲ್ಲಿ ಬಂಗಾರ ಬೆಳೆದ ಮಹನೀಯರು" ಎಂದಿದ್ದೀಯ. ಮಹನೀಯರು ಬರುವ ಮುಂಚೆ ಇಲ್ಲಿ ಇದ್ದದ್ದು ಬರಡಲ್ಲ, ಸೊಂಟದವರೆಗೆ ಹೂತುಹೋಗುವ ಜೌಗು. ಕಾಲುವೆ ತೋಡಿ, ನೀರು ಬಸಿದು, ಹೊಳೆಗೆ ಎರಡೂ ಕಡೆ ಒಡ್ಡು ಹಾಕಿ ಅದನ್ನು ಹೊಲ ಮಾಡಿದವರು ಕೆಳಗಿನ ಬೀದಿಯ ಜನ. ಹೊಲ ಹೊಲದಂತೆ ಕಂಡ ಮೇಲೆ ಮಹನೀಯರು ಗಾಡಿ ಕಟ್ಟಿಕೊಂಡು ಬಂದರು, ಯಾವುದೋ ಕಾಗದ ತೋರಿಸಿದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಕಥೆ. ಇದನ್ನು ನಮಗಿಬ್ಬರಿಗೂ ಅಪ್ಪ ಹೇಳಿದ್ದ. ನಿನ್ನ ಪುಸ್ತಕದಲ್ಲಿ ಆ ಬೀದಿಗೆ ಸಿಕ್ಕಿದ್ದು ಒಂದು ಸಾಲು: "ಶ್ರಮಜೀವಿಗಳೂ ಇಲ್ಲಿ ನೆಲೆಸಿದ್ದರು." "ಗಳೂ" ಎಂಬ ಆ ಒಂದು ದೀರ್ಘಕ್ಕೆ ನಿನಗೆ ದೊಡ್ಡ ನಮಸ್ಕಾರ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹೊಗಳುಭಟರ ಬಾಯಿಗೆ ಬೀಗ ಹಾಕಲು ನಾನ್ಯಾರು? ಆದರೆ ಬುಧವಾರ ಬುಟ್ಟಿ ಹೆಣೆಯುವವಳು ನನ್ನ ಹೊಲಿಗೆ ಅಂಗಡಿಗೆ ಬಂದಳು. ಪ್ರವಾಹದ ವರ್ಷ ಅವಳ ಅಜ್ಜಿ ಹಾಸಿಗೆ ಹಿಡಿದಿದ್ದರು, ನೆನಪಿರಬೇಕು ನಿನಗೆ. ಅಜ್ಜಿಯನ್ನು ಎತ್ತಿಕೊಂಡು ಬರುತ್ತೇನೆಂದು ನೀರಿಗೆ ಇಳಿದ ಅವಳ ಅಮ್ಮನೂ ತಿರುಗಿ ಬರಲಿಲ್ಲ. ಅವಳಿಗೆ ಓದು ಬಾರದು. ಎದುರಿಗೆ ಕೂತು, "ನಮ್ಮ ಮನೆ ಹೋದ್ದರ ಬಗ್ಗೆ ಏನಾದ್ರೂ ಬರ್ದಿದಾರಾ, ಓದಕ್ಕಾ" ಎಂದಳು.

ಓದಿದೆ. "ತೂಬು ಕಾಯುವವನು ಕುಡಿದು ಮಲಗಿದ್ದರಿಂದ ಬಾಗಿಲು ಎತ್ತುವವರಿಲ್ಲದೆ, ನೀರಿನ ರಭಸಕ್ಕೆ ಒಡ್ಡು ತಾನಾಗಿ ಒಡೆದು, ಹನ್ನೊಂದು ಮನೆಗಳೂ ಎರಡು ಜೀವಗಳೂ ಹೋದವು. ಅಂದಿನ ಅಧ್ಯಕ್ಷರ ಸಮಯಪ್ರಜ್ಞೆಯಿಂದ ಉಳಿದ ಊರು ಉಳಿಯಿತು."

ಅವಳು ಕೇಳಿದ್ದು ಒಂದೇ ಮಾತು. "ನಿಮ್ಮಪ್ಪ ನಿಜವಾಗ್ಲೂ ಕುಡೀತಿದ್ರಾ ಅಕ್ಕಾ? ನಾನೊಂದಿನಾನೂ ನೋಡಿಲ್ವಲ್ಲ."

ಕೆಮ್ಮಿನ ಔಷಧಿ ಕುಡಿಯಲೂ ಮುಖ ಹಿಂಡುತ್ತಿದ್ದ ಮನುಷ್ಯ. ಅಂದು ವಿಚಾರಣೆ ಎಂಬ ನಾಟಕದಲ್ಲಿ ಅಧ್ಯಕ್ಷರು ಬರೆಸಿದ ಸುಳ್ಳನ್ನು, ಅದೇ ಮನುಷ್ಯನ ಮಗ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು, ಒಂದಕ್ಷರ ಬಿಡದೆ ನಕಲು ಮಾಡಿದ್ದಾನೆ. ಪರೀಕ್ಷೆಯಲ್ಲಿ ನಕಲು ಮಾಡಿದ ಮಕ್ಕಳನ್ನು ನೀನು ಹೊರಗೆ ನಿಲ್ಲಿಸುತ್ತಿದ್ದೆಯಂತೆ.

ಕತ್ತರಿ ಕೆಳಗಿಟ್ಟು ಅವಳಿಗೆ ಎಲ್ಲ ಹೇಳಿದೆ. ಆಗ ನನಗೆ ಹನ್ನೊಂದು ವರ್ಷ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ತೂಬಿನ ಬಾಗಿಲು ಬೆಳಗಿನಿಂದಲೇ ಪೂರ್ತಿ ಎತ್ತಿತ್ತು. ಅಪ್ಪ ಅಲ್ಲೇ ನಿಂತು ತುತ್ತು ನುಂಗುತ್ತ ನೀರು ನೋಡುತ್ತಿದ್ದ. ಖಾಲಿ ಡಬ್ಬಿ ಹಿಡಿದು ಒಡ್ಡಿನ ಮೇಲೆ ವಾಪಸು ಬರುವಾಗ, ಆ ದಡದಲ್ಲಿ ಕೊಯ್ಲಿಗೆ ಬಂದ ಅಧ್ಯಕ್ಷರ ಬೆಳೆಯ ಬುಡಕ್ಕೆ ನೀರು ಹತ್ತಿತ್ತು. ಆ ನೀರು ಇಳಿಯಲೆಂದು, ಗಿರಣಿಯ ಹಿಂದಿನ ತಿರುವಿನಲ್ಲಿ ಈ ದಡದ, ಕೆಳಗಿನ ಬೀದಿಯ ಕಡೆಯ ಒಡ್ಡನ್ನು ಗುದ್ದಲಿಯಿಂದ ಕಡಿಯುತ್ತಿದ್ದರು. ಹಗಲು ಹೊತ್ತು, ಮಧ್ಯಾಹ್ನ. ಆಗಿನ ಅಧ್ಯಕ್ಷರು, ಈಗಿನ ಮಗರಾಯನ ಅಪ್ಪ, ಕೊಡೆ ಹಿಡಿದು ನಿಂತಿದ್ದರು. "ಬೇಗ ಬೇಗ! ಕೆಳಗಿನೋರು ಎದ್ದು ಓಡ್ತಾರೆ ಬಿಡ್ರೋ. ಗುಡಿಸಲು ಇನ್ನೊಂದು ಕಟ್ಕೋಬೋದು, ಬೆಳೆ ಇನ್ನೊಂದ್ಸಲ ಬರುತ್ತಾ?" ಎಂದದ್ದು ಈ ಕಿವಿಯಿಂದ ಕೇಳಿದೆ.

ನನ್ನನ್ನು ನೋಡಿದರು. "ನೀನೇನೂ ನೋಡಿಲ್ಲ, ಅಲ್ವಾ ಪುಟ್ಟಿ?" ಎಂದು ನಕ್ಕರು. ನಾನು ತಲೆಯಾಡಿಸಿದೆ.

ನನ್ನನ್ನು ಹರಿಶ್ಚಂದ್ರನ ತಂಗಿ ಅಂದುಕೊಳ್ಳಬೇಡ. ಅಂದು ಆಡಿಸಿದ ತಲೆಯನ್ನು ಐವತ್ತು ವರ್ಷ ಆಡಿಸುತ್ತಲೇ ಬಂದೆ. ನನ್ನ ಅಂಗಡಿ ಅವರ ಕಟ್ಟಡದಲ್ಲಿ ಇತ್ತು. ಅವರ ಮನೆಯವರ ಅಳತೆ ತೆಗೆಯುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದೆ; ಮಾತಾಡದಿರಲು ಅದೊಂದು ಒಳ್ಳೆಯ ನೆಪ. ನಿನ್ನ ಮೇಲೆ ಉಗುಳುವ ಮುಂಚೆ ಕನ್ನಡಿಯ ಮುಂದೆ ನಿಂತು ನನ್ನ ಮೇಲೂ ಉಗುಳಿಕೊಂಡಿದ್ದೇನೆ.

"ಗುದ್ದಲಿ ಹಿಡಿದೋರು ಯಾರ್ಯಾರು ಅಕ್ಕಾ?" ಎಂದು ಅವಳು ಕೇಳಿದಳು.

ಗಿರಣಿಯ ಆಳುಗಳಿಬ್ಬರು. ಈಗ ಇಬ್ಬರೂ ಇಲ್ಲ. ಅಧ್ಯಕ್ಷರ ಗಾಡಿ ಹೊಡೆಯುವವನು, ಅವನೂ ಇಲ್ಲ. ಉಳಿದವನು ನೀನು ಎಂದು ಹೇಳಿಬಿಟ್ಟೆ, ಅಣ್ಣ. ನಿನಗೆ ಆಗ ಹತ್ತೊಂಬತ್ತು. ಅಧ್ಯಕ್ಷರ ಮನೆಗೆ ಕಾಗದಪತ್ರ ಬರೆದುಕೊಡಲು ಹೋಗುತ್ತಿದ್ದವನು, ಕರೆದಾಗ ಇಲ್ಲವೆನ್ನಲಿಲ್ಲ. ನನ್ನನ್ನು ಕಂಡು ನೀನು ಒಂದು ಗಳಿಗೆ ನಿಂತೆ, ತೋಳಿನಿಂದ ಮುಖ ಒರೆಸಿಕೊಂಡೆ, ಮತ್ತೆ ಅಗೆದೆ. ಮುಂದಿನ ವಾರ ಅವರ ಶಿಫಾರಸು ಪತ್ರ ಜೇಬಿನಲ್ಲಿಟ್ಟುಕೊಂಡು ಶಿಕ್ಷಕರ ತರಬೇತಿಗೆ ಹೊರಟೆ. ಅದೇ ವಾರ ಅಪ್ಪನ ಕೈಯಿಂದ ತೂಬಿನ ಬೀಗದ ಕೈ ಕಿತ್ತುಕೊಂಡರು. ಆಮೇಲೆ ದನದ ಸಂತೆಯಲ್ಲಿ ಸಗಣಿ ಬಾಚುತ್ತ ಆರು ವರ್ಷ ಬದುಕಿದ. ಅವನ ಹೆಣಕ್ಕೆ ಹೆಗಲು ಕೊಡಲು ಕೆಳಗಿನ ಬೀದಿಯಿಂದ ಒಬ್ಬನೂ ಬರಲಿಲ್ಲ. ಯಾಕೆ ಬರುತ್ತಾರೆ?

ಅವಳು ಕಿರುಚುತ್ತಾಳೆ ಅಂದುಕೊಂಡೆ. ನೀರು ಕೇಳಿದಳು. ಕುಡಿದಳು. "ಇದನ್ನ ಬರ್ದು ಕೊಡಕ್ಕಾ. ನಿಮ್ಮಣ್ಣನ ಪುಸ್ತಕ ಇರೋ ಕಡೆ ಇದೂ ಇರ್ಲಿ" ಎಂದಳು.

ನಾಲ್ಕು ಪುಟ ಬರೆದೆ. ನಿನ್ನ ಹೆಸರಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಎದ್ದು ಹೋಗಿ ಮುಖ ತೊಳೆದು ಬಂದು ಬರೆದೆ. ಶನಿವಾರ ಅವಳ ಅಂಗಳದಲ್ಲಿ ಎಲ್ಲರ ಮುಂದೆ ಓದಿದೆ. ಇಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಮುದುಕ ಮಾತ್ರ, "ಇಷ್ಟು ವರ್ಷ ಯಾಕಮ್ಮ ಸುಮ್ನಿದ್ದೆ?" ಎಂದ. ಅಲ್ಲಿಂದ ಪುಟಗಳನ್ನು ಗ್ರಂಥಾಲಯಕ್ಕೆ ಒಯ್ದೆ. ಗ್ರಂಥಾಲಯದವಳು ಆ ಪುಟಗಳಿಗೆ ಮುದ್ರೆ ಒತ್ತಿ ನಿನ್ನ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದಾಳೆ. ಪುಣ್ಯಕ್ಕೆ ಅವಳು ಹೊರಗಿನಿಂದ ಬಂದವಳು, ಕುರ್ಚಿಯ ಮಹಿಮೆ ಇನ್ನೂ ತಿಳಿದಿಲ್ಲ.

ನಿನ್ನೆ ಈಗಿನ ಅಧ್ಯಕ್ಷರ ಕಡೆಯವನು ಬಂದು ಅಂಗಡಿ ಖಾಲಿ ಮಾಡಿಸಿದ. ನನ್ನ ಹೊಲಿಗೆ ಯಂತ್ರ ಈಗ ಬುಟ್ಟಿ ಹೆಣೆಯುವವಳ ಜಗಲಿಯ ಮೇಲಿದೆ. ಪ್ರೀತಿಯಿಂದ ಕರೆದಳು ಎಂದು ತಿಳಿಯಬೇಡ. "ಜಾಗ ಇದೆ, ಅದಕ್ಕೆ" ಅಷ್ಟೇ ಎಂದಳು. ಈ ಕಾಗದ ಇಲ್ಲಿಂದಲೇ ಬರೆಯುತ್ತಿದ್ದೇನೆ.

ಮನೆತನದ ಮರ್ಯಾದೆ ಎಂಬ ಹಾಡು ಹಾಡಿಕೊಂಡು ನನ್ನ ಹತ್ತಿರ ಬರಬೇಡ. ಬರುವುದಾದರೆ ಹಗಲಲ್ಲಿ ಬಾ, ಮುಖ್ಯ ರಸ್ತೆಯಲ್ಲಿ ನಡೆದು ಬಾ, ಮೊದಲು ಅವಳ ಮುಂದೆ ನಿಂತು ಮಾತಾಡು. ಅಷ್ಟು ದೂರ ನಡೆಯುವ ಕಾಲು ನಿನಗಿದೆ ಎಂಬ ನಂಬಿಕೆ ನನಗಿಲ್ಲ.

ನಿನ್ನ ತಂಗಿ
(ಅದನ್ನು ಬದಲಾಯಿಸುವ ದಾರಿ ಗೊತ್ತಿಲ್ಲ)

ತಾ.ಕ.: ಅಪ್ಪ ಅಧ್ಯಕ್ಷರಿಗೆ ಹೆದರಿ ಬಾಯಿ ಮುಚ್ಚಿಕೊಂಡ ಎಂದು ಅತ್ತಿಗೆಗೆ ಹೇಳಿದ್ದೀಯಂತೆ. ಅಲ್ಲ. ಆ ಸಂಜೆಯೇ ನಾನು ಅಪ್ಪನಿಗೆ ಕಂಡದ್ದೆಲ್ಲ ಹೇಳಿದ್ದೆ, ನಿನ್ನನ್ನು ಕಂಡದ್ದನ್ನೂ. ಒಡ್ಡು ಕಡಿದರು ಎಂದರೆ ಕಡಿದವರು ಯಾರು ಎಂದು ಕೇಳುತ್ತಾರಲ್ಲ, ಅದಕ್ಕೆ ಅವನು ಕುಡುಕನೆಂಬ ಹೆಸರು ಹೊತ್ತುಕೊಂಡ. ಆ ಸಂಜೆ ಅವನು ನನ್ನನ್ನು ಕೇಳಿದ್ದು ಇಷ್ಟೇ: "ಗುದ್ದಲಿ ಹಿಡಿದು ಅಭ್ಯಾಸ ಇಲ್ಲ ಅವನಿಗೆ. ಕೈಯಲ್ಲಿ ಬೊಕ್ಕೆ ಎದ್ದಿತ್ತೇನೇ?"