ಬೇರೆ ಪಾತ್ರೆ

ಮಾರ್ಚ್ 3, ಸೋಮವಾರ

ಮತ್ತೆ ಹೊಟ್ಟೆ. ಬೆಳಿಗ್ಗೆ ಉಂಡದ್ದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಬೈಂಡಿಂಗ್ ಮೇಜಿನಿಂದ ಬಾತ್‌ರೂಮಿಗೆ, ಬಾತ್‌ರೂಮಿನಿಂದ ಮೇಜಿಗೆ — ಮಗ್ಗದ ಲಾಳಿಯ ಹಾಗೆ. ಶಾಪಿನ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ, ಅಲ್ಲೇ ಒಂದು ಮೇಜು ಹಾಕಿಸ್ಲಾ?" ನಕ್ಕೆ. ನಗಲೂ ಭಯ, ಹೊಟ್ಟೆ ಅಲುಗುತ್ತದೆ.

ಗೋದಿ ಬಿಟ್ಟು ಏಳು ತಿಂಗಳಾಯಿತು. ಸೀಲಿಯಾಕ್ ಎಂದು ಡಾಕ್ಟರಮ್ಮ ಕರುಳಿನ ಚೂರು ತೆಗೆಸಿ ನೋಡಿಯೇ ಹೇಳಿದ್ದು. ಗೋದಿಯ ಗ್ಲುಟನ್ ಒಳಗೆ ಹೋದರೆ ಕರುಳು ಹುಣ್ಣು. ಬ್ರೆಡ್ ಇಲ್ಲ, ಬಿಸ್ಕತ್ತಿಲ್ಲ, ನನಗೆಂದೇ ಬೇರೆ ಪಾತ್ರೆ. ಕೆನ್ನೆ ತುಂಬಿಕೊಂಡಿತ್ತು. ಈಗ ಎರಡು ವಾರದಿಂದ ಬಂದ ದಾರಿಯಲ್ಲೇ ಎಲ್ಲ ವಾಪಸ್. ಏಕೆ?

ಲೈಬ್ರರಿಯ ಹಳೆ ಅಟ್ಲಾಸುಗಳು ರಿಪೇರಿಗೆ ಬಂದಿವೆ. ಅವಕ್ಕೆ ಡಬ್ಬಿಯ ಗೋಂದು ಆಗದು, ಅಂಟು ಬೇಯಿಸಿಯೇ ಹಚ್ಚಬೇಕು. ಕೆಲಸವೇನೋ ಚೆಂದ. ನಿಲ್ಲಲು ಕಾಲು ಬೇಕಲ್ಲ.

ಮಾರ್ಚ್ 6, ಗುರುವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ತೂಕ ಇಳಿದಿದೆ. "ಎಲ್ಲೋ ಗೋದಿ ಹೋಗ್ತಾ ಇದೆ. ಹೀಗೇ ಆದ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ. ತಿನ್ನೋದೆಲ್ಲ ಹೇಳಿ." ಹೇಳಿದೆ.

"ಅಡುಗೆ ಯಾರು ಮಾಡ್ತಾರೆ?"

"ಅತ್ತೆ."

ಬರೆಯುತ್ತಿದ್ದ ಪೆನ್ ನಿಂತಿತು. ಆ ನಿಂತ ಪೆನ್ ನನ್ನ ತಲೆಯೊಳಗೆ ಹೊಕ್ಕು ಕೂತಿದೆ.

ಅತ್ತೆಗೆ ನನ್ನ ಕಾಯಿಲೆಯ ಮೇಲೆ ಮೊದಲಿಂದಲೂ ನಂಬಿಕೆ ಇಲ್ಲ. "ನಮ್ಮ ಕಾಲದಲ್ಲಿ ಹೊಟ್ಟೆಗೆ ಇಂಗ್ಲಿಷ್ ಬರ್ತಿರ್ಲಿಲ್ಲಪ್ಪ" ಎಂದು ಬಂದವರಿಗೆಲ್ಲ ಹೇಳಿ ನಗಿಸಿದ್ದರು. ನಾನೂ ನಕ್ಕಿದ್ದೆ.

ಮಾರ್ಚ್ 8, ಶನಿವಾರ

ಅಡುಗೆಮನೆ ಬಾಗಿಲಲ್ಲಿ ನಿಂತೆ. ಸುಮ್ಮನೆ ನಿಂತವಳ ಹಾಗೆ. ಸೌಟು ನೋಡಿದೆ, ಕೈ ನೋಡಿದೆ, ಒರೆಸುವ ಬಟ್ಟೆ ನೋಡಿದೆ.

"ಏನು, ಕಾವಲಾ? ಸ್ಟೂಲ್ ಬೇಕಾ?"

"ಇಲ್ಲ ಅತ್ತೆ, ಸುಮ್ನೆ."

"ಸುಮ್ನೆ ನಿಲ್ಲೋರು ಹಾಗೆ ಕಣ್ಣು ಕಿಸಿಯಲ್ಲ."

ಊಟಕ್ಕೆ ಕೂತು ಅನ್ನವನ್ನು ಬೆರಳಲ್ಲಿ ಕೆದಕಿ ನೋಡಿದೆ.

ಮಾರ್ಚ್ 14, ಶುಕ್ರವಾರ

ಬಸ್ ಸ್ಟಾಪಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಯಾರೋ ಮನೆಗೆ ತಂದು ಬಿಟ್ಟರು. ಇವರು ಕೆಲಸ ಬಿಟ್ಟು ಓಡಿ ಬಂದರು. ಮುಖದಲ್ಲಿ ರಕ್ತವೇ ಇಲ್ಲ. ನೇರ ಅಡುಗೆಮನೆಗೆ ಹೋದರು.

"ಅಮ್ಮಾ, ನಿಜ ಹೇಳು. ಇವಳ ಊಟಕ್ಕೆ ಏನಾದ್ರೂ ಬೆರೆಸ್ತೀಯಾ?"

ನನ್ನ ಬಾಯಿಂದ ಆ ಮಾತು ಬಂದಿರಲಿಲ್ಲ. ಆದರೆ ರಾತ್ರಿಗಳಲ್ಲಿ ಅನುಮಾನವನ್ನು ಇವರ ಕಿವಿಗೆ ಹಾಕಿದ್ದು ನಾನೇ. ಅತ್ತೆಯ ಬಾಯಿ ಯಾರಿಗೂ ಸೋತದ್ದಲ್ಲ — ಆದರೂ ಸುಮ್ಮನಿದ್ದರು. ಮಗನನ್ನಲ್ಲ, ನನ್ನನ್ನು ನೋಡಿದರು. ಆಮೇಲೆ ಒಲೆ ಆರಿಸಿ, "ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನಿನ್ನ ತಮ್ಮನ ಮನೆಗೆ ಬಿಟ್ಬಿಡು. ಇನ್ಮೇಲೆ ಅಲ್ಲೇ ಇರ್ತೀನಿ."

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಮಾರ್ಚ್ 17, ಸೋಮವಾರ

ಮೂರು ದಿನದಿಂದ ನನ್ನ ಅಡುಗೆ ನಾನೇ. ಅತ್ತೆ ಒಲೆಯ ಕಡೆ ತಿರುಗಿಯೂ ನೋಡುತ್ತಿಲ್ಲ. ಹೊಸ ಪಾತ್ರೆ, ಹೊಸ ಸೌಟು. ಅನ್ನ, ಬೇಯಿಸಿದ ತರಕಾರಿ, ಅಷ್ಟೇ.

ಇವತ್ತೂ ಹೊಟ್ಟೆ ಕೆಟ್ಟಿತು. ನಿನ್ನೆ ಭಾನುವಾರ ಸ್ವಲ್ಪ ವಾಸಿ ಇತ್ತು, ಇವತ್ತು ಮತ್ತೆ ಅದೇ.

ಹಾಗಾದರೆ...

ಮಾರ್ಚ್ 19, ಬುಧವಾರ, ಮಧ್ಯಾಹ್ನ

ಶಾಪಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೇನೆ.

ಅಂಟು ಇಳಿಸಿ, ಸೋಸಿ, ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟೆ. ಗಂಟು ಉಳಿದಿದೆಯೇ ಎಂದು ನೋಡುವುದು ಹಾಗೆಯೇ. ಯಜಮಾನರೇ ಕಲಿಸಿದ್ದು. ಬೆರಳಿಗೆ ಸಿಗದ ಸಣ್ಣ ಗಂಟು ನಾಲಿಗೆಗೆ ಸಿಗುತ್ತದೆ. ಹಿಂದಿನಿಂದ ಅವರ ದನಿ —

"ಉಪ್ಪು ಸರಿ ಇದೆಯೇನಮ್ಮಾ? ಅಡುಗೆ ರುಚಿ ನೋಡಿದ ಹಾಗೆ ನೋಡ್ತೀಯಲ್ಲ!"

ಅಡುಗೆ.

ಅಂಟು ಬೇಯಿಸುವುದು ಯಾವುದರಿಂದ? ಗೋದಿ ಹಿಟ್ಟಿನಿಂದ. ಅಟ್ಲಾಸುಗಳು ಬಂದಾಗಿನಿಂದ ನಾನೇ ತೂಗಿ ಸುರಿಯುತ್ತೇನೆ. ದಿನಕ್ಕೆ ಎಷ್ಟು ಬೋಗುಣಿ, ಬೋಗುಣಿಗೆ ಎಷ್ಟು ಸಲ ನಾಲಿಗೆಗೆ... ತಿನ್ನುವುದೆಲ್ಲ ಹೇಳಿ ಎಂದರು ಡಾಕ್ಟರಮ್ಮ. ಇದು ತಿನ್ನುವುದು ಅನ್ನಿಸಲೇ ಇಲ್ಲ. ಕೆಲಸ ಅಂದುಕೊಂಡಿದ್ದೆ. ಮನೆಯಲ್ಲಿ ಸೌಟಿಗೆ ಕಾವಲು ನಿಂತವಳು ಇಲ್ಲಿ ಗೋದಿ ನೆಕ್ಕುತ್ತಾ ನಿಂತಿದ್ದೆ.

ಮಾರ್ಚ್ 22, ಶನಿವಾರ

ಅಂಟಿನ ಕೆಲಸ ಯಜಮಾನರೇ ವಹಿಸಿಕೊಂಡರು. ನನಗೆ ಹೊಲಿಗೆ ಮಾತ್ರ. ಹೊಟ್ಟೆ ಮೆತ್ತಗಾಗಿದೆ. ಹಸಿವು ಬಂದಿದೆ, ಎಷ್ಟೋ ದಿನದ ಮೇಲೆ.

ಮನೆಯಲ್ಲಿ ಇನ್ನೂ ಹೇಳಿಲ್ಲ. ಖಾತ್ರಿಯಾಗಲಿ ಎಂದು ಕಾದೆ. ಸುಳ್ಳು. ಬಾಯಿ ಬರಲಿಲ್ಲ. ಅತ್ತೆ ಸೀರೆ ಮಡಿಸುವ ಸದ್ದು ಗೋಡೆಯಾಚೆಯಿಂದ ಕೇಳುತ್ತದೆ. ನಾಳೆಯೇ ಭಾನುವಾರ.

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ಹೇಳಿದೆ. ಅವರ ಮಂಚದ ತುದಿಯಲ್ಲಿ ಕೂತು, ಒಂದೂ ಬಿಡದೆ. ಅಂಟು, ನಾಲಿಗೆ, ಇವರ ಕಿವಿಗೆ ಹಾಕಿದ್ದು, ಎಲ್ಲ. ತಪ್ಪಾಯ್ತು ಅತ್ತೆ ಎಂದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ.

ಬೈಯಲಿಲ್ಲ. ಮಡಿಸಿದ ಸೀರೆಯನ್ನೇ ಮತ್ತೆ ಮಡಿಸಿದರು.

"ಒಂದ್ಸಲ ಹಾಕಿದ್ದೆ ಕಣೇ."

"ಏನು?"

"ಹಿಟ್ಟು. ಶುರುವಿನಲ್ಲಿ. ಒಂದೇ ಚಮಚ. ಕಾಯಿಲೆಯೋ ನಾಟಕವೋ ನೋಡೋಣ ಅಂತ." ನನ್ನ ಕಡೆ ನೋಡಲಿಲ್ಲ. "ಆವತ್ತು ನೀನು ವಾಂತಿ ಮಾಡ್ಕೊಂಡಾಗ ಬಕೆಟ್ ಹಿಡಿದು ಕೂತಿದ್ದು ಯಾರು? ನಾನೇ. ಸತ್ತೇ ಹೋಗ್ತೀಯ ಅಂದ್ಕೊಂಡೆ. ಆಮೇಲಿಂದ ನಿನ್ನ ಪಾತ್ರೆ ಕೈ ಸವೆಯೋ ಹಾಗೆ ತಿಕ್ಕಿದೀನಿ. ಅವನು ನಿಜ ಹೇಳು ಅಂದಾಗ... ಹಾಕಿಲ್ಲ ಅಂತ ಬಾಯಿ ಬಿಟ್ಟು ಹೇಳೋಕಾಗ್ಲಿಲ್ಲ."

ಎದ್ದು ಬಂದು ಕೋಣೆ ಸೇರಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಏಳು ತಿಂಗಳಿಂದ ತಿಕ್ಕಿದ ಪಾತ್ರೆ ಒಂದು ಕಡೆ, ಆ ಒಂದು ಚಮಚ ಇನ್ನೊಂದು ಕಡೆ. ಯಾವುದನ್ನು ಎಲ್ಲಿ ಇಡಲಿ? ಇಲ್ಲದ ತಪ್ಪಿಗೆ ಮನೆ ಬಿಡಿಸಲು ಹೊರಟಿದ್ದೆ. ಈಗ ಇರುವ ತಪ್ಪು ಅಂಗೈಯಲ್ಲೇ ಇದೆ, ಹೋಗಿ ಅನ್ನಲು ಆಗುತ್ತಿಲ್ಲ.

ಟ್ಯಾಕ್ಸಿ ಬಂತು. ಹಾರ್ನ್. ಇವರು ಬಾಗಿಲಿಗೂ ಕೋಣೆಗೂ ಓಡಾಡುತ್ತಿದ್ದಾರೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಒಂಬತ್ತು ದಿನದ ಮೇಲೆ ಮೊದಲ ಸಲ.

ಅತ್ತೆಯ ದನಿ, "ಬಡಿಸಿದೀನಿ. ಬಂದು ತಿಂತೀಯೋ, ನಾನು ಟ್ಯಾಕ್ಸಿ ಹತ್ತಲೋ? ಬೇಗ ಹೇಳು, ಅನ್ನ ಆರುತ್ತೆ."

ಸಿಟ್ಟಿರುವುದೂ ಹೊಟ್ಟೆಯಲ್ಲೇ, ಹಸಿವಿರುವುದೂ ಅಲ್ಲೇ. ಹಸಿವಿನದೇ ಗಲಾಟೆ ಜೋರು. ಕೂಗಿದೆ — ರೀ, ಟ್ಯಾಕ್ಸಿಯವನಿಗೆ ಹೋಗೋಕೆ ಹೇಳಿ. ಮತ್ತೆ ಅತ್ತೆ, ನಂಗೆ ಇನ್ನೊಂದು ಸೌಟು ಜಾಸ್ತಿ —