ಸೂರ್ಯ ಮುಳುಗಿದ ಮೇಲಿನ ನೀರು

ಶ್ರೀ ವೀತರಾಗಾಯ ನಮಃ

ದಂಡಿಗನಹಳ್ಳಿ
೧೮-೧-೧೯೬೪, ಶನಿವಾರ

ಚಿ. ಸೌ. ಚಂದ್ರಪ್ರಭಾಳಿಗೆ ಅತ್ತೆ ಮರುದೇವಿ ಬರೆಯುವುದು.

ಮೊದಲು ಆಶೀರ್ವಾದ ಬರೆಯಬೇಕಿತ್ತು. ಬರೆಯಲು ಹೋದೆ, ಮನಸ್ಸು ಅಳುಕಿತು. ಕಾಗದ ಓದಿ ಮುಗಿಸಿದ ಮೇಲೂ ನನ್ನ ಆಶೀರ್ವಾದ ಬೇಕೆನ್ನಿಸಿದರೆ ಅದು ನಿನಗೂ ಕೂಸಿಗೂ ಇದ್ದೇ ಇದೆ. ಇದನ್ನು ಮೊದಲು ನೀನೊಬ್ಬಳೇ ಓದು. ಆಮೇಲೆ ನಿಮ್ಮ ತಂದೆತಾಯಿಯನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳು.

ಮೊನ್ನೆ ಮಗ ಪದ್ಮಪ್ರಸಾದ ನಿಮ್ಮ ಹಳೇಕೋಟೆಗೆ ಬಂದು ನಿಮ್ಮಿಬ್ಬರನ್ನೂ ನೋಡಿಕೊಂಡು ಬಂದವನು ಕೈಕಾಲನ್ನೂ ತೊಳೆಯದೆ ಜಗಲಿಯ ಮೇಲೆ ಕೂತುಬಿಟ್ಟ. ಕೂಸು ಹೇಗಿದೆಯೋ ಎಂದರೆ ಚೆನ್ನಾಗಿದೆ ಎಂದ. ಮತ್ತೆ ಯಾಕೋ ಹೀಗೆ ಮುಖ ಇಳಿಬಿಟ್ಟಿದ್ದೀಯ ಎಂದು ಎರಡೆರಡು ಸಲ ಕೇಳಿದ ಮೇಲೆ ಹೇಳಿದ. ಹೆತ್ತ ಕೂಸನ್ನು ನೀನು ಎತ್ತಿಕೊಳ್ಳುವುದೇ ಇಲ್ಲವಂತೆ. ನಿಮ್ಮ ತಾಯಿ ಜಿನಮ್ಮನವರು ತಂದು ಮಡಿಲಿಗೆ ಹಾಕಿ ಎದೆಗೆ ಹಿಡಿದರೆ ಹಾಲು ಕೊಡುತ್ತೀಯಂತೆ, ನಿನ್ನ ಕೈ ಎರಡನ್ನೂ ಸೆರಗಿನೊಳಗೆ ಸೇರಿಸಿಕೊಂಡು. ಕೇಳಿದರೆ, ನನ್ನ ಕೈ ಒಳ್ಳೆಯದಲ್ಲ, ಆ ಮರಿಗಳಿಗೆ ಏನಾಯಿತೆಂದು ಗೊತ್ತಲ್ಲ ಎನ್ನುತ್ತೀಯಂತೆ.

ಚಂದ್ರಪ್ರಭಾ, ನಿನ್ನ ಕೈಯಲ್ಲಿ ಏನೂ ಕೆಟ್ಟದ್ದಿಲ್ಲ. ಸುಳ್ಳು ಹೇಳಿದವಳು ನಾನು.

ಮೊಲಗಳು ಮನೆಗೆ ಬಂದಾಗ ನನಗೆ ಇಷ್ಟವಿರಲಿಲ್ಲ, ಅದು ನಿನಗೂ ಗೊತ್ತು. ಉಣ್ಣೆಗೆ ಸಾಕುವ ಮೊಲ, ಬಾಚಿ ಕೂದಲು ತೆಗೆಯುವುದಷ್ಟೇ, ಹಿಂಸೆಯಿಲ್ಲ ಎಂದು ಮಗ ನೂರು ಸಲ ಹೇಳಿದ ಮೇಲೆ ಒಪ್ಪಿದೆ. ಅವುಗಳ ಜೊತೆಗೆ ಬಂದ ಅಚ್ಚಿನ ಹಾಳೆಯನ್ನು ನೀನು ಪಾಠದ ಹಾಗೆ ಬಾಯಿಪಾಠ ಮಾಡಿದೆ. ಹೆಣ್ಣಿಗೆ ಹತ್ತಿ ಎಂದು ಹೆಸರಿಟ್ಟೆ. ಗಂಡಿನ ಹತ್ತಿರ ಬಿಡುವುದಕ್ಕೆ ಹದಿನೈದು ದಿನ ಮೊದಲೇ ನೆನೆಸಿದ ಕಡಲೆ, ಬೂಸಾ, ಅಗಸೆ ಸೊಪ್ಪು ಹಾಕಲು ಶುರುಮಾಡಿದೆ. ದಿನಾ ಅದರ ಬೆನ್ನು ಸವರಿ ನೋಡುತ್ತಿದ್ದೆ. ಅತ್ತೆ, ಮೂಳೆ ಕೈಗೆ ಸಿಗಬೇಕು, ಆದರೆ ಚುಚ್ಚಬಾರದು, ಬಡಕಲಾದರೆ ಮರಿಗೆ ಹಾಲಿರುವುದಿಲ್ಲ, ಕೊಬ್ಬಿದರೆ ಗಬ್ಬವೇ ನಿಲ್ಲುವುದಿಲ್ಲ ಎನ್ನುತ್ತಿದ್ದೆ. ಹಾಳೆಯಲ್ಲಿ ಮೂಲಂಗಿಯನ್ನೂ ಕೊಡಬಹುದು ಅಂತಿದೆ ಎಂದಾಗ ನಾನು, ಗೆಡ್ಡೆಗೆಣಸು ಈ ಮನೆಯ ಹೊಸ್ತಿಲು ದಾಟುವುದಿಲ್ಲ, ಮೊಲಕ್ಕೊಂದು ಬೇರೆ ಧರ್ಮವಾ ಎಂದಿದ್ದೆ. ನೀನು ನಕ್ಕುಬಿಟ್ಟೆ. ಮೂಲಂಗಿಯಿಲ್ಲದೆ ಅದೇನೂ ಸೊರಗಲಿಲ್ಲ.

ನೀರಿನ ಮಾತು ಹಾಗಲ್ಲ. ಮೊಲ ಸಂಜೆಯಾದ ಮೇಲೆಯೇ ಹೆಚ್ಚು ತಿನ್ನುವುದು, ಗಬ್ಬದ ಕೊನೆಯ ಹತ್ತು ದಿನ ಮೇವು ಹೆಚ್ಚಿಸಬೇಕು, ಈಯುವಾಗಲೂ ಹಾಲೂಡುವಾಗಲೂ ಇರುಳೆಲ್ಲ ನೀರಿರಬೇಕು ಎಂದು ನೀನು ಓದಿ ಹೇಳಿದೆ. ಹೊತ್ತು ಮುಳುಗಿದ ಮೇಲೆ ಈ ಮನೆಯಲ್ಲಿ ಯಾವ ಬಾಯಿಗೂ ಅನ್ನವಿಲ್ಲ, ನೀರಿಲ್ಲ, ಅದು ಇರುಳು ತಿಂದರೆ ಆ ಪಾಪ ಯಾರ ತಲೆಗೆ ಎಂದೆ ನಾನು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ದಿನಾ ಸಂಜೆ ದೀಪ ಹಚ್ಚುವ ಮೊದಲು ಗೂಡಿನ ಬಟ್ಟಲು ಖಾಲಿ ಮಾಡಿ ಬೋರಲು ಹಾಕಿದೆ. ನೀನು ಕದ್ದು ನೀರಿಡುತ್ತಿದ್ದದ್ದೂ ನನಗೆ ತಿಳಿದಿತ್ತು. ಹತ್ತಿ ತನ್ನ ಹೊಟ್ಟೆಯ ತುಪ್ಪಳ ತಾನೇ ಕಿತ್ತು ಗೂಡು ಹಾಸಿದ ದಿನ ನೀನು ಸೆರಗಿನಲ್ಲಿ ಮುಚ್ಚಿ ತಂದ ಬಟ್ಟಲನ್ನು ನಾನು ಕಿತ್ತುಕೊಂಡು ನೀರನ್ನು ಅಂಗಳಕ್ಕೆ ಚೆಲ್ಲಿದೆ. ಕೊಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಗ ನಿನಗೆ ಆರು ತಿಂಗಳು.

ಬೆಳಗ್ಗೆ ಬೀಗ ತೆಗೆದವಳು ನಾನೇ. ಐದು ಮರಿ ಹಾಕಿತ್ತು. ಎರಡರ ಗುರುತಷ್ಟೇ ಉಳಿದಿತ್ತು. ಮಿಕ್ಕ ಮೂರು ಹೇಗಿದ್ದವೆಂದು ಬರೆಯಲಾರೆ. ಹತ್ತಿಯ ಮೂತಿ ಕೆಂಪಾಗಿತ್ತು, ಖಾಲಿ ಬಟ್ಟಲನ್ನು ನೆಕ್ಕುತ್ತಾ ಕೂತಿತ್ತು. ಇರುವೆಗೆ ನೋವಾದೀತೆಂದು ನೆಲ ಮೆಲ್ಲಗೆ ಗುಡಿಸುವ ಮನೆಯಲ್ಲಿ ತಾಯಿ ಮರಿ ತಿಂದಿತ್ತು.

ಹುಲ್ಲು ತಂದ ಮಂಚಯ್ಯ ನನ್ನ ಹಿಂದೆಯೇ ನಿಂತಿದ್ದ. ಬಟ್ಟಲು ನೋಡಿದ, ಮೊಲ ನೋಡಿದ. ನೀರಡಿಕೆ ತಡೀನಾರ್ದೆ ತಿಂದ್ಬುಟ್ಟದೆ ಕಣವ್ವಾ, ನಮ್ಮಟ್ಟಿ ನಾಯೀನೂ ಒಂದ್ಸಲ ಇಂಗೇ ಮಾಡಿತ್ತು ಅಂದ. ಬಾಯಿ ಮುಚ್ಚು ಎಂದೆ. ಮುಚ್ಚಿದ. ಇಬ್ಬರೂ ಸೇರಿ ಬೇಲಿಯ ಮಗ್ಗುಲಲ್ಲಿ ಮಣ್ಣು ಮಾಡಿದೆವು.

ಅಷ್ಟರಲ್ಲಿ ನೀನು ಹೊರಗೆ ಬಂದೆ, ಪದ್ಮಪ್ರಸಾದ ಬಂದ, ಪಕ್ಕದ ಮನೆಯವರು ಬಂದರು. ಏನಾಯಿತು ಎಂದರು. ನನ್ನ ಬಾಯಿಂದ ಬಂದ ಮಾತು ನಿನಗೆ ನೆನಪಿದೆ. ಬಸುರಿ ಹೆಂಗಸು ಗೂಡಿಗೆ ಕೈ ಹಾಕಿದಳು, ಮನುಷ್ಯರ ಕೈ ವಾಸನೆ ತಗುಲಿದರೆ ತಾಯಿ ಮರಿ ಸೇರಿಸುತ್ತದೆಯೇ ಎಂದೆ. ನೀನು ಹಿಂದಿನ ದಿನ ಗೂಡಿನ ಹುಲ್ಲು ಸರಿಮಾಡಿದ್ದು ನಿಜ. ಅಷ್ಟು ನಿಜ ಸಾಕಾಯಿತು ಸುಳ್ಳು ನಿಲ್ಲುವುದಕ್ಕೆ. ನೀನು ನಿನ್ನ ಅಂಗೈ ನೋಡಿಕೊಂಡೆ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರೆ. ನಾನು ಒಡೆದದ್ದನ್ನು ನಿನ್ನ ಕೈಗೇ ಕೊಟ್ಟೆ.

ಪಕ್ಕದ ಮನೆಯ ಬಾಯಿ ಊರ ಬಾಯಾಯಿತು. ಎಂಟು ದಿನಕ್ಕೆ ನಿಮ್ಮ ತಂದೆ ಬಂದು ಹೆರಿಗೆಗೆ ಈಗಲೇ ಕರೆದುಕೊಂಡು ಹೋಗುತ್ತೇನೆ ಎಂದಾಗ, ಇಷ್ಟು ಬೇಗ ಯಾಕೆ ಎಂದು ನಾನು ಕೇಳಲಿಲ್ಲ. ಹೊರಡುವಾಗ ನನ್ನ ಕಾಲು ಮುಟ್ಟಿದೆ. ನಾನು ನಿನ್ನ ಬೆನ್ನು ಸವರಿದೆ. ರವಿಕೆಯ ಮೇಲಿಂದಲೇ ಮೂಳೆ ಚುಚ್ಚಿತು. ಮೊಲಕ್ಕೆ ಕಡಲೆ ನೆನೆಸುತ್ತಿದ್ದ ಮನೆಯಲ್ಲಿ ಬಸುರಿ ಸೊಸೆಗೆ ಸಂಜೆ ಐದೂವರೆಗೆ ಊಟ ಮುಗಿಸಿ ಬೆಳಗಿನವರೆಗೆ ಬಾಯಿ ಕಟ್ಟಿದ್ದೆ. ನೀನಾಗಿ ಹಸಿವು ಎನ್ನಲಿಲ್ಲ, ನಾನಾಗಿ ಕೇಳಲಿಲ್ಲ.

ಬಸದಿಯ ಬ್ರಹ್ಮದೇವ ಪಂಡಿತರ ಹತ್ತಿರ ಕಾರ್ತಿಕದಲ್ಲಿ ಇದನ್ನು ಅರ್ಧಂಬರ್ಧ ಹೇಳಿಕೊಂಡೆ. ನಿನ್ನ ಹೆಸರಿಗೆ ಹಚ್ಚಿದ್ದನ್ನು ಮಾತ್ರ ಬಿಟ್ಟು. ಅವರು, ವ್ರತ ಹಿಡಿದವರಿಗೆ ವ್ರತ, ಮೂಕಪ್ರಾಣಿಗೆ ಯಾರಮ್ಮ ವ್ರತ ಕೊಟ್ಟದ್ದು, ಬಸುರಿ ಬಾಣಂತಿಯರಿಗೆ ನಮ್ಮ ಹಿರಿಯರು ಈ ನೇಮದಿಂದ ಯಾವಾಗಲೂ ಬಿಡುವು ಕೊಟ್ಟೇ ಇದ್ದಾರೆ ಎಂದರು. ಇಷ್ಟು ಸಣ್ಣ ಮಾತನ್ನು ಐವತ್ತೆಂಟು ವರ್ಷಕ್ಕೆ ಕೇಳಿಸಿಕೊಂಡೆ.

ಮನೆಗೆ ಬಂದು ನಿನ್ನ ಪೆಟ್ಟಿಗೆಯಿಂದ ಹಾಳೆ ತೆಗೆದೆ. ನನ್ನದು ನಾಲ್ಕನೇ ತರಗತಿ ಓದು, ಕೂಡಿಸಿ ಕೂಡಿಸಿ ಓದಿಕೊಂಡೆ. ಕಡಲೆ ನೆನೆಸಿದೆ, ಬೆನ್ನು ಸವರಿ ನೋಡಿದೆ, ಬಟ್ಟಲು ಬೋರಲು ಹಾಕುವುದನ್ನು ಬಿಟ್ಟೆ. ಸಂಕ್ರಾಂತಿಗೆ ಮೂರು ದಿನ ಮೊದಲು ಹತ್ತಿ ಮತ್ತೆ ಈದಿದೆ. ಏಳು ಮರಿ. ನಿನ್ನೆ ಗೂಡಿಗೆ ಕೈ ಹಾಕಿ ಏಳನ್ನೂ ಒಂದೊಂದಾಗಿ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡೆ. ಬೇಕೆಂದೇ ಮಾಡಿದೆ. ತಾಯಿ ಬಂದು ಮೂಸಿತು, ಮರಿಗಳನ್ನು ಸೇರಿಸಿಕೊಂಡಿತು, ಹಾಲು ಕೊಟ್ಟಿತು. ಇವತ್ತು ಬೆಳಗ್ಗೆಯೂ ಏಳೂ ಇವೆ, ಹೊಟ್ಟೆ ಗುಂಡಗಿವೆ. ಕೈಯಿಂದ ಏನೂ ಆಗುವುದಿಲ್ಲ ಕಣಮ್ಮ. ಮಂಚಯ್ಯ ನಗುತ್ತಾ, ಈಗ ಗ್ಯಾನ ಬಂತಾ ಅವ್ವಾ ಅಂದ. ಬಂತು ಎಂದೆ.

ಪದ್ಮಪ್ರಸಾದನಿಗೆ ನಿನ್ನೆಯೇ ಹೇಳಿದೆ. ಅವನು ನನ್ನ ಜೊತೆ ಮಾತಾಡುತ್ತಿಲ್ಲ. ಪಕ್ಕದ ಮನೆಗೂ ಹೋಗಿ ಹೇಳಿಬಂದೆ, ಊರಿಗೆ ಅವರೇ ಹೇಳುತ್ತಾರೆ.

ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಈ ಕಾಗದ ಕೆಳಗಿಟ್ಟ ತಕ್ಷಣ ಕೂಸನ್ನು ಎತ್ತಿಕೊ. ಎರಡೂ ಕೈಯಲ್ಲಿ ಎತ್ತಿಕೊ. ಅಷ್ಟು ಮಾಡು.

ಇಂತು, ನಿನ್ನ ಮುಂದೆ ತಲೆ ತಗ್ಗಿಸಿರುವ ಅತ್ತೆ,
ಮರುದೇವಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಪದ್ಮಪ್ರಸಾದ ನನಗೆ ಮೊದಲನೆಯವನಲ್ಲ. ಅವನಿಗಿಂತ ಮೊದಲು ಒಂದು ಹೆಣ್ಣು ಕೂಸಿತ್ತು, ಇಪ್ಪತ್ತೆರಡು ದಿನ. ಬಾಣಂತಿಯಾಗಿದ್ದಾಗಲೂ ನಾನು ಹೊತ್ತು ಮುಳುಗಿದ ಮೇಲೆ ನೀರು ಮುಟ್ಟಲಿಲ್ಲ. ಕುಡಿಯೇ ಎಂದು ನನ್ನ ಅತ್ತೆಯೇ ಚೊಂಬು ತಂದು ಕೊಟ್ಟಿದ್ದರು, ನಾನೇ ಹಟ ಮಾಡಿ ಒಲ್ಲೆನೆಂದೆ. ಎದೆಯಲ್ಲಿ ಹಾಲು ಬತ್ತಿತು. ಕರ್ಮ ಎಂದರು, ನಾನೂ ಹಾಗೆಯೇ ಅಂದುಕೊಂಡೆ. ಆ ಸಂಜೆ ನೀನು ತಂದ ನೀರು ಮೊಲಕ್ಕೆ ಬೇಕೇ ಬೇಕಿತ್ತು ಎಂದು ಒಪ್ಪಿದರೆ ನನ್ನ ಕೂಸು ಯಾಕೆ ಹೋಯಿತೆಂದೂ ಒಪ್ಪಬೇಕಿತ್ತು. ಅದಕ್ಕೇ ಚೆಲ್ಲಿದೆ.