ಪಡುವಣ ಬದಿಯ ಬೋಲ್ಟುಗಳು

ಬಸವನ ಬಾಗೇವಾಡಿ, ಏಪ್ರಿಲ್ ೧೭, ಗುರುವಾರ

ಪಡುವಣ ಬದಿಯ ಬೋಲ್ಟುಗಳು ತಲೆಯಿಂದ ಹೋಗುತ್ತಿಲ್ಲ. ಬೆಳಿಗ್ಗೆ ತಂಪಿನಲ್ಲಿ ಗಾಳಿಯಂತ್ರದ ಬುಡದ ಬೋಲ್ಟುಗಳ ಉದ್ದ ಅಳೆದೆ. ಫಿಟ್ಟರ್ ಶ್ರೀಶೈಲ ಅವನ್ನು ಬಿಗಿದ ಮೇಲೆ, ಇಳಿಬಿಸಿಲಿನಲ್ಲಿ ಮತ್ತೆ ಅಳೆದೆ. ಬಿಗಿದರೆ ಬೋಲ್ಟು ಕೂದಲೆಳೆಯಷ್ಟು ಉದ್ದವಾಗುತ್ತದೆ. ಒಳಗೆ ಕಳಿಸಿದ ಶಬ್ದ ಮರಳಿ ಬರುವ ಹೊತ್ತಿನಿಂದ ನನ್ನ ಯಂತ್ರ ಅದನ್ನು ಹೇಳುತ್ತದೆ. ಎಲ್ಲವೂ ಸರಿ ಬಂದವು. ಬಿಸಿಲು ಬಿದ್ದ ಪಡುವಣ ಬದಿಯವು ಮಾತ್ರ ತುಸು ಹೆಚ್ಚೇ ಉದ್ದ. ಆದರೆ ಬಿಗಿತ ಸಾಲದಿದ್ದರೂ ಕಾದ ಕಬ್ಬಿಣ ಹಾಗೆಯೇ ಉದ್ದ ತೋರುತ್ತದೆ. ಸಂಜೆಯ ತಾಪಮಾನವನ್ನು ಯಂತ್ರಕ್ಕೆ ಕೊಟ್ಟೆನೇ? ನೆನಪಾಗುತ್ತಿಲ್ಲ.

“ಬಾಯಾರ, ಪೂರಾ ಬಿಗಿ ಆಗಿ ಪಾನಾ ಕಟ್ ಅಂದೈತ್ರಿ. ನಿಮ್ಮ ಮಷಿನ್ ಇನ್ನೂ ಪಂಚಾಂಗ ನೋಡಾಕತ್ತೈತೇನ್ರಿ?” ಎಂದು ಶ್ರೀಶೈಲ ಬೋಲ್ಟು ತಿರುಗಿಸುವ ಪಾನಾ ಎತ್ತಿ ತೋರಿಸಿ ನಕ್ಕ. “ತಪಾಸಣೆ ಕಾಗದಕ್ಕ ಸಹಿ ಮಾಡ್ರಿ. ನಾಳಿ ಈ ಗಾಳಿ ಫ್ಯಾನ್ ಚಾಲೂ ಮಾಡಾಕ ಮೊದ್ಲ ಮ್ಯಾಲ ಏರಾಂವ ನಾನ ಇದ್ದೇನಿ.”

ಮಾಡುವವಳಿದ್ದೆ. ಆ ಕೊನೆಯ ಮಾತು ಕೇಳಿ ಪೆನ್ನು ಮುಚ್ಚಿದೆ.

ಇಷ್ಟು ವರ್ಷ ಕವಿತೆ ಓದುತ್ತ ಒಳದನಿಯನ್ನು ನಂಬಿದವಳು ನಾನು. ಇಂದು ಕಬ್ಬಿಣದ ಒಳದನಿ ಬಿಗಿತ ಯಾವುದು, ಬೇಗೆ ಯಾವುದು ಎಂದು ಹೇಳಲೊಲ್ಲದು.

ನಸುಕಿನಲ್ಲಿ, ಬಿಸಿಲು ಮುಟ್ಟುವ ಮೊದಲು, ಮತ್ತೆ ಅಳೆಯಬೇಕು. ಅಳತೆ ಗಿಡ್ಡ ಬಂದರೆ ಮತ್ತೆ ಬಿಗಿಯಬೇಕು, ಅವನಿಗೆ ಬೇಸರ. ಸರಿ ಬಂದರೆ... ಸರಿ ಬಂದರೂ, ಅವನು ಏರುವಷ್ಟು ಹೊತ್ತೂ ನಾನು ಕೆಳಗೆ ನಿಂತು ಆ ಬೋಲ್ಟುಗಳನ್ನೇ ನೋಡುತ್ತಿರುತ್ತೇನೆ.